ಗೂಡು ಕಂಡುಬಂದಿಲ್ಲ

ಕೊಂಡಾಪುರದ ಹೊಸ ಫ್ಲ್ಯಾಟಿಗೆ ಸಾಮಾನು ಸಾಗಿಸುವಾಗ ನನ್ನ ಹಳೆಯ ನೀಲಿ ರಟ್ಟಿನ ನೋಟುಬುಕ್ಕೊಂದು ಸಿಕ್ಕಿತು. ನಡುವಿನ ಪುಟಗಳಲ್ಲಿ ಪೆನ್ಸಿಲಿನಲ್ಲಿ ಬರೆದ ಎರಡು ಹಕ್ಕಿ, ಎರಡೂ ತಲೆಕೆಳಗಾಗಿ ಮರ ಇಳಿಯುತ್ತಿದ್ದವು. ಬರೆದವರು ಮೇಲಿನ ಮನೆಯ ಕಾಕಾ.

ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ಹಳೆಯ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ಬೀದರ್ ಕಡೆಯವರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಕ್ಕಿಗಳದೇ ಧ್ಯಾನ. ಆಗ ಎಂ.ಎಸ್ಸಿ. ಓದುತ್ತಿದ್ದ ನಾನು ಭಾನುವಾರ ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ಕೂತು ಗಚ್ಚಿಬೌಲಿಯ ಆಚೆಗಿದ್ದ ಹಳೆಯ ಮಾವಿನ ತೋಪಿಗೆ ಹೋಗುತ್ತಿದ್ದೆ.

ಹೀಗೆ ತಲೆಕೆಳಗಾಗಿ ಮರ ಇಳಿಯುವ, ಗುಬ್ಬಿಗಾತ್ರದ ನಟ್‌ಹ್ಯಾಚ್ ಹಕ್ಕಿಯನ್ನು ಕಾಕಾ ಮೊದಲು ತೋರಿಸಿದ್ದು ಅಲ್ಲೇ. ಹೊಟ್ಟೆ ಇಟ್ಟಿಗೆ ಬಣ್ಣ, ಕೊಕ್ಕು ಕಪ್ಪು. ಅದರ ದಾಯಾದಿಯನ್ನು ನಲ್ಲಮಲ ಕಾಡಿನಲ್ಲಿ ಕಂಡಿದ್ದೆವು: ಹಣೆಯ ಮೇಲೆ ಮಖಮಲ್ಲಿನಂಥ ಕಪ್ಪು, ಕೊಕ್ಕು ಕೆಂಪು.

"ಆ ಕೆಂಪು ಮೂಗಿಂದಕ್ಕ ದಟ್ಟ ಕಾಡ ಬೇಕವಾ. ಇದಕ್ಕ ಹಳೇ ಮಾವಿನ ಗಿಡ ಇದ್ರ ಸಾಕು," ಅಂದಿದ್ದರು.

ತೋಪಿನ ಮರವೊಂದರ ಪೊಟರೆಯ ಬಾಯಿಗೆ ಕೆಸರು ಮೆತ್ತಿ, ತಾನಷ್ಟೇ ನುಸುಳುವಷ್ಟು ಕಿಂಡಿ ಬಿಟ್ಟುಕೊಂಡಿತ್ತು ಅದು. ಒಳಗೆ ಮರಿಗಳ ಸದ್ದು... ಯಾರಿಗೂ ಹೇಳಬ್ಯಾಡ ಎಂದು ಪಿಸುಗುಟ್ಟಿದವರೂ ಅವರೇ.

ಮರುವರ್ಷ ಆ ತೋಪಿಗೆ ಬಹುಮಹಡಿ ಕಟ್ಟುವವರು ಬಂದರು. ಅನುಮತಿಗೆಂದು ಅವರಿಗೆ ಅಲ್ಲಿನ ಹಕ್ಕಿಗಳ ಬಗ್ಗೆ ವರದಿ ಬೇಕಿತ್ತು; ಬರೆದುಕೊಡಲು ಕಾಕಾ ಒಪ್ಪಿದರು. ಮರ ಉಳಿಸುವುದಕ್ಕೇ ಇರಬೇಕೆಂದು ನನ್ನ ಈ ನೋಟುಬುಕ್ಕನ್ನೂ ಕೊಟ್ಟೆ. ಗೂಡಿನ ಜಾಗ, ದಿನ, ಹೊತ್ತು ಎಲ್ಲ ಅದರಲ್ಲಿತ್ತು.

ವರದಿಯ ಪ್ರತಿ ಗೆಳತಿಯೊಬ್ಬಳಿಂದ ನನ್ನ ಕೈಗೆ ಬಂತು. 'ಈ ಭಾಗದ ಎರಡೂ ನಟ್‌ಹ್ಯಾಚ್‌ಗಳು ಅಳಿವಿನ ಆತಂಕವಿಲ್ಲದ ವರ್ಗಕ್ಕೆ ಸೇರಿವೆ. ಗೂಡು ಕಂಡುಬಂದಿಲ್ಲ.' ಕೆಳಗೆ ಅವರ ಸಹಿ.

ಕಾಗದ ಹಿಡಿದೇ ಮೆಟ್ಟಿಲು ಹತ್ತಿದೆ. ಕಾಕಾ ಓದಲೂ ಇಲ್ಲ.

"ಜಗತ್ತಿನ ಪಟ್ಟಿಯೊಳಗ ಎರಡಕ್ಕೂ ಧೋಕಾ ಇಲ್ಲಂತನ ಐತೆಲ್ಲವಾ. ನಾ ಸುಳ್ಳ ಏನ್ ಬರದೇನಿ?"

"ಗೂಡು ನೀವ ತೋರಿಸಿದ್ರೆಲ್ಲ, ಕಾಕಾ..."

ಅವರು ನೋಟುಬುಕ್ಕನ್ನು ನನ್ನ ಕಡೆ ಸರಿಸಿದರು. "ಚಹಾ ಕುಡದ ಹೋಗು," ಅಂದರು. ನಾನು ಕೂರಲಿಲ್ಲ.

ಅವರ ಅಳಿಯ ಆ ಬಹುಮಹಡಿ ಕಟ್ಟುವವರ ಕಂಪನಿಯಲ್ಲೇ ಇದ್ದಾನೆಂದು ಆಮೇಲೆ ತಿಳಿಯಿತು. ಮರಗಳನ್ನು ಕಡಿದದ್ದು ಮಾರ್ಚಿನಲ್ಲಿ, ಮತ್ತೆ ಮರಿಗಳ ಕಾಲದಲ್ಲೇ. ನೋಡಲು ಹೋಗುವ ಧೈರ್ಯ ನನಗಾಗಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದೆವು.

ಹೋದ ವರ್ಷ ಅವರು ತೀರಿಕೊಂಡರು. ಬಾ ಎಂದು ಅವ್ವ ಫೋನು ಮಾಡಿದಾಗ ಆಫೀಸಿನಲ್ಲಿ ಮೀಟಿಂಗ್ ಇದೆ ಅಂದೆ. ಇರಲಿಲ್ಲ. ಈಗ ಯಾವ ಗೂಡು ಕಂಡರೂ ಜಾಗವನ್ನು ಯಾರಿಗೂ ಹೇಳುವುದಿಲ್ಲ. ಆದರೂ, ಕಂಡ ಕೂಡಲೇ ಮೊದಲು ಹೇಳಬೇಕು ಅನ್ನಿಸುವುದು ಅವರಿಗೇ...