ಬನಶಂಕರಿಯ ಮಗ್ಗ, ಗಂಗಾದೇವಮ್ಮನ ಒಗ್ಗರಣೆ

ಹಿಂದೂಪುರದ ನೇಕಾರರ ಬೀದಿಯಲ್ಲಿ ನಮ್ಮ ಮನೆಗೂ ಬನಶಂಕರಿಯ ಮನೆಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಗೋಡೆ. ಹಾಗಾಗಿ ಇದೆಲ್ಲ ನನಗೆ ಗೊತ್ತು. ಗೋಡೆಗೆ ಕಿವಿಕೊಟ್ಟು ಕೂತಿದ್ದಳು ಅಂತ ಯಾರಾದರೂ ಅಂದರೆ ಅಂದುಕೊಳ್ಳಲಿ, ಕಿವಿ ಇರುವುದು ಮತ್ತೆ ಯಾತಕ್ಕೆ?

ಬನಶಂಕರಿ ಕಲ್ಯಾಣದುರ್ಗದವಳು. ಅಲ್ಲಿ ಅಪ್ಪನ ಪಕ್ಕ ಕೂತು ಮಗ್ಗ ಕಲಿತಿದ್ದಳು. ಶಂಕರಯ್ಯನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಿಕ್ಕಿದ್ದು ಒಲೆ, ಬಿಡುವಾದಾಗ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ. ಮನೆಯಲ್ಲಿ ಎರಡು ಗುಂಡಿ ಮಗ್ಗ, ನೆಲ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಶಂಕರಯ್ಯ ರೇಷ್ಮೆ ಸೀರೆ ನೇಯುತ್ತಿದ್ದ. ಇನ್ನೊಂದು ಮಾವ ಪೆದ್ದಪ್ಪನವರದು. ಮಂಡಿನೋವು ಹಿಡಿದ ಮೇಲೆ ಅವರು ಗುಂಡಿಗೆ ಇಳಿಯುವುದನ್ನು ಬಿಟ್ಟು ಪಡಸಾಲೆಯ ಗೋಡೆಗೆ ಒರಗಿಬಿಟ್ಟಿದ್ದರು. ಕುಡಿಯುವ ನೀರೂ ಕೂತಲ್ಲಿಗೇ ಬರಬೇಕು. ಅವರ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಕಡಲೆಕಾಯಿ ಮೂಟೆ ಇಟ್ಟಿದ್ದರು. ಬನಶಂಕರಿಯ ಕಣ್ಣೆಲ್ಲ ಆ ಹಲಗೆಯ ಮೇಲೆ.

“ಸೊಸೆ ಗುಂಡೀಲಿ ಕುಂತ್ರೆ ಒಲೆ ಮುಂದೆ ಯಾರ್ ಕುಂತ್ಕತ್ತಾರೆ?” ಎಂದು ಅತ್ತೆ ಗಂಗಾದೇವಮ್ಮ ಅವಳ ಬಾಯಿ ಮುಚ್ಚಿಸುತ್ತಲೇ ಬಂದರು. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಮದುವೆಗಳು ಒಂದರ ಮೇಲೊಂದು ಬಂದು, ಒಪ್ಪಿಕೊಂಡ ಸೀರೆಗಳು ಶಂಕರಯ್ಯನ ಕೈಯಲ್ಲಿ ಮುಗಿಯದಾದಾಗ ಮೂಟೆ ಪಕ್ಕಕ್ಕೆ ಸರಿಯಿತು.

“ಅಡುಗೆನೂ ಕೆಡಬಾರ್ದು, ಸೀರೆನೂ ಕೆಡಬಾರ್ದು. ಎಲ್ಡ್ರಾಗೆ ಒಂದ್ ಕೆಟ್ರೂ ಹಲಗೆ ಮುಚ್ಬುಡ್ತೀನಿ ಕಣಮ್ಮ,” ಎಂದರು ಅತ್ತೆ.

ಮೊದಲ ವಾರದಲ್ಲೇ ಎಡವಟ್ಟಾಯಿತು. ಹುಳಿಗೆ ಒಗ್ಗರಣೆ ಹಾಕಿ ಓಡಿಬಂದು ಕೂತವಳ ಹೆಬ್ಬೆರಳಿನಿಂದ ಕೆನೆಬಣ್ಣದ ರೇಷ್ಮೆಗೆ ಅರಿಶಿನ ತಾಕಿತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಅರಿಶಿನ ಉಳಿದೇ ಉಳಿಯುತ್ತದೆ. ಅಮ್ಮನ ಕಣ್ಣಿಗೆ ಬೀಳುವ ಮುಂಚೆ ಶಂಕರಯ್ಯ ಅದನ್ನು ಹೇಗೋ ಅಳಿಸಿದ.

“ಇನ್ನೊಂದ್ ಸಲ ಆದ್ರೆ ನನ್ ಕೈಲಾಗಲ್ಲ ಕಣೆ,” ಎಂದ.

ಮಾರನೆಯ ದಿನ ಬನಶಂಕರಿ ಅರಿಶಿನದ ಡಬ್ಬಿ, ಎಣ್ಣೆಯ ಗಿಂಡಿ ಎರಡನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಒಂದೇ ಸಲ ಒಲೆ ಹಚ್ಚಿ ಮುದ್ದೆ ಕಟ್ಟಿದಳು. ಉಳಿದ ಕೆಂಡದಲ್ಲಿ ಮಾವಿನಕಾಯಿಯನ್ನೂ ಹಸಿಮೆಣಸಿನಕಾಯಿಯನ್ನೂ ಸುಟ್ಟು, ತಣ್ಣೀರಿನಲ್ಲಿ ಕಿವುಚಿ, ಬೆಲ್ಲ ಉಪ್ಪು ಹಾಕಿ, ಹೆಚ್ಚಿದ ಈರುಳ್ಳಿಯನ್ನೂ ಹುರಿದ ಕಡಲೆಬೀಜದ ಪುಡಿಯನ್ನೂ ಉದುರಿಸಿದಳು. ತೆಲುಗಿನವರ ಪಚ್ಚಿಪುಲುಸು ಅದೇ. ಜೊತೆಗೆ ಮೊಸರಿನಲ್ಲಿ ಕಲಸಿದ ಎಳೇ ಸೌತೆಕಾಯಿ. ಬಿಸಿಲೇರುವ ಮುಂಚೆ ಎಲ್ಲ ಮುಗಿಸಿ, ಚೊಕ್ಕ ಕೈಯಲ್ಲಿ ಲಾಳಿ ಹಿಡಿದಳು. ಗೋಡೆ ಹಾರಿ ಬಂದ ಒಂದು ಬಟ್ಟಲು ಪಚ್ಚಿಪುಲುಸನ್ನು ನಾನು ಅನ್ನವಿಲ್ಲದೆ ಹಾಗೇ ಕುಡಿದೆ. ಅಷ್ಟು ಚೆನ್ನಾಗಿತ್ತು.

ಮಧ್ಯಾಹ್ನ ಗಂಗಾದೇವಮ್ಮ ತಟ್ಟೆಯನ್ನು ದೂರ ತಳ್ಳಿದ ಸದ್ದು ನಮ್ಮ ಮನೆಗೂ ಕೇಳಿತು.

“ಅಯ್ಯೋ ನಾ ಕರ್ಮಾ! ಯಾರ್ ಸತ್ತವ್ರೆ ಈ ಮನೇಲಿ? ನಮ್ ಯಜಮಾನ ಅಲ್ಲಿ ಗುಂಡುಕಲ್ಲಂಗೆ ಕುಂತವ್ನೆ. ಸೂತ್ಕದ ಊಟ ಯಾಕಮ್ಮ ಇಕ್ತೀಯ ನಂಗೆ?”

ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯುವ ಸದ್ದು ಸೂತಕ ಕಳೆಯುವವರೆಗೆ ಆ ಮನೆಯಿಂದ ಬರಕೂಡದು. ಬನಶಂಕರಿಗೆ ಆ ಯೋಚನೆಯೇ ಹೊಳೆದಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ರೇಷ್ಮೆ ಒಂದೇ. ಪಾಪ, ಗುಂಡಿಯಲ್ಲಿ ಕಾಲು ಇಳಿಬಿಟ್ಟವಳು ಅಲ್ಲೇ ಅಳತೊಡಗಿದಳು.

“ತಪ್ಪಾಯ್ತು ಅತ್ತೆ. ಒಗ್ಗರಣೆ ಹಾಕ್ತೀನಿ. ಮಗ್ಗ ಬಿಟ್ಬುಡ್ತೀನಿ,” ಎಂದಳು.

ಗೋಡೆಯಾಚೆಯಿಂದಲೇ ನಾಲ್ಕು ಮಾತು ಆಡೋಣ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಚುಂಯ್ ಅಂತ ಸದ್ದಾಯಿತು. ಗಂಗಾದೇವಮ್ಮ ತಾವೇ ಎದ್ದು ಹೋಗಿ, ಕೆಂಡ ಊದಿ, ಎಣ್ಣೆ ಕಾಯಿಸಿ, ಸಾಸಿವೆ ಕರಿಬೇವು ಸಿಡಿಸಿದ್ದರು.

“ಏಳ್ಬ್ಯಾಡ, ಕುಂತ್ಕೋ,” ಎಂದು ಗದರಿದರು. “ಮಗ್ಗ ಬಿಟ್ಟು ಆ ಸೀರೆ ಯಾರ್ ಮುಗಿಸ್ತಾರೆ, ನಾನಾ? ಒಗ್ಗರಣೆ ನಾನ್ ಹಾಕ್ತೀನಿ. ಕರ್ದಾಗ ಬಂದು ಉಣ್ಣು.”

ಅಲ್ಲಿಂದ ಮುಂದೆ ಆ ಮನೆಯ ಅಡುಗೆ ಎರಡು ಪಾಲಾಯಿತು. ಹುಣಸೆ ಚಿಗುರಿನ ಕಾಲಕ್ಕೆ ಚಿಗುರು ಕುಟ್ಟಿದ ಚಟ್ನಿ, ಹೀರೇಕಾಯಿ ಅಗ್ಗವಾದಾಗ ಕೆಂಡದಲ್ಲಿ ಸುಟ್ಟು ಕಿವುಚಿದ ಹೀರೇಕಾಯಿ ಬಜ್ಜಿ. ಅಷ್ಟು ಬನಶಂಕರಿಯದು. ಅರಿಶಿನ, ಎಣ್ಣೆ, ಸಾಸಿವೆ ಅತ್ತೆಯದು. ನಡುಹೊತ್ತಿಗೆ ಚುಂಯ್ ಅನ್ನುತ್ತಿತ್ತು, ಹಿಂದೆಯೇ “ಒಗ್ಗರಣೆ ಆಯ್ತು, ಏಳಮ್ಮ” ಅನ್ನುವ ಕೂಗು. ಲಾಳಿ ನಿಲ್ಲುತ್ತಿತ್ತು. ಮಳೆಗಾಲ ಬಂದು ಒಲೆಯ ಕೆಲಸ ಹೆಚ್ಚಾದಾಗ ಬೇಳೆ ಬೇಯಿಸುವುದನ್ನೂ ಗಂಗಾದೇವಮ್ಮ ತಾವೇ ವಹಿಸಿಕೊಂಡರು, ಬೈದುಕೊಂಡೇ. ಅವರ ಬಾಯಿ ಅಷ್ಟೇ ಜೋರು, ಕೈ ಬಹಳ ಒಳ್ಳೆಯದು. ಆ ಗುಂಡಿಗೆ ಮತ್ತೆ ಹಲಗೆ ಬೀಳಲಿಲ್ಲ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಗಂಗಾದೇವಮ್ಮ ಹೋದರು. ಮುತ್ತೈದೆಯಾಗಿಯೇ ಹೋದರು. ಅವರು ಕೇಳಿಕೊಂಡಿದ್ದೂ ಅದನ್ನೇ. ಸೂತಕ ಮುಗಿಯುವವರೆಗೆ ಆ ಮನೆಯಲ್ಲಿ ಒಗ್ಗರಣೆಯೂ ಇಲ್ಲ, ಮಗ್ಗವೂ ಇಲ್ಲ. ಗೋಡೆಯಾಚೆಯ ಆ ಮೌನ ನನಗೇ ತಡೆಯಲಾಗಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಶಂಕರಯ್ಯ ನೂಲು ತರಲು ಧರ್ಮಾವರಕ್ಕೆ ಹೋದ. ಬನಶಂಕರಿ ಎಂದಿನಂತೆ ಮಾವಿನಕಾಯಿ ಸುಟ್ಟು ಕಿವುಚಿಟ್ಟು ಗುಂಡಿಗೆ ಇಳಿದಳು. ಹೊತ್ತು ನೆತ್ತಿಗೇರಿ ಇಳಿಯಿತು. ಮಗ್ಗ ನಿಲ್ಲಲಿಲ್ಲ. ಕರೆಯುವವರಿರಲಿಲ್ಲ, ಅವಳು ಏಳಲೂ ಇಲ್ಲ. ಹೋಗಿ ಎಬ್ಬಿಸೋಣ ಅಂದುಕೊಳ್ಳುವಷ್ಟರಲ್ಲಿ ಗೋಡೆ ದಾಟಿ ದಟ್ಟ ಹೊಗೆ ಬಂತು. ಬೆಂಕಿ ಬಿತ್ತೇನೋ ಅಂತ ಓಡಿದೆ.

ಅಡುಗೆಮನೆಯಲ್ಲಿ ಪೆದ್ದಪ್ಪನವರು ನಿಂತಿದ್ದರು. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಒಗ್ಗರಣೆ ಸೌಟು ಹಿಡಿದು, ಹೊಗೆಗೆ ಕಣ್ಣು ಕಿವುಚಿಕೊಂಡು. ಸಾಸಿವೆ ಸೀದು ಇದ್ದಿಲಾಗಿತ್ತು. ಅದನ್ನು ಹಾಗೇ ಪಚ್ಚಿಪುಲುಸಿಗೆ ಸುರಿದರು, ಚುಂಯ್ ಅಂದಿತು. ಮಗ್ಗದ ಸದ್ದು ತಟ್ಟನೆ ನಿಂತಿತು.

“ಒಗ್ಗರಣೆ ಆಯ್ತು,” ಎಂದರು ಅವರು. “ಏಳಮ್ಮ.”

ಬನಶಂಕರಿ ಗುಂಡಿಯಿಂದ ಮೇಲೆದ್ದು ಬಂದಳು. ಕಹಿಯಾಗಿದ್ದ ಆ ಹುಳಿಯನ್ನು ಅಳುತ್ತಲೇ ಎರಡು ಸಲ ಹಾಕಿಸಿಕೊಂಡು ಉಂಡಳು.