ಜುಬೇದಾ ಆಂಟಿಯ ಟರ್ಕಿ ಮರ

ಜುಬೇದಾ ಆಂಟಿ ಕಾಡಿನ ಟರ್ಕಿ ಕೋಳಿಗಳನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಹೊತ್ತು ಮುಳುಗುವ ವೇಳೆಗೆ ಕಾಡಿನಂಚಿನಲ್ಲಿ ಬಿದ್ದಿದ್ದ ಒಂದು ಮರದ ಮೇಲೆ, ಆ ಹಕ್ಕಿಗಳು ಮಲಗಲು ಏರುವ ಎತ್ತರದ ಪೈನ್ ಮರಗಳಿಗೆ ಬೆನ್ನು ಹಾಕಿ ಕೂರುವುದು ಅವರ ಪದ್ಧತಿ. ಸಲ್ವಾರಿನ ಮೇಲೆ ಮಗನ ಹಳೆಯ ಜಾಕೆಟ್, ತಲೆ ಮೇಲಿನ ದುಪಟ್ಟಾದ ಮೇಲೊಂದು ಉಣ್ಣೆಯ ಟೊಪ್ಪಿ. ಹಿಂದುಗಡೆ ದಪ್ಪ ರೆಕ್ಕೆಗಳ ಬಡಿತ ಕೇಳಿದಾಗಲೆಲ್ಲ ಒಂದು ಬೆರಳು ಮಡಚುತ್ತಿದ್ದರು. "ಹನ್ನೊಂದು. ಮುದುಕಿ ಇನ್ನೂ ಬಂದಿಲ್ಲ. ಅದು ಯಾವಾಗ್ಲೂ ಲೇಟು" ಎನ್ನುವಷ್ಟರಲ್ಲಿ ಹನ್ನೆರಡನೆಯದು ಎಲೆಗಳ ಮೇಲೆ ದಡದಡ ಓಡಿ ಬಂದು ಮೇಲೇರುತ್ತಿತ್ತು. ತಿರುಗಿ ನೋಡಬಾರದೇಕೆ ಎಂದರೆ ಅವರ ಬಳಿ ಉತ್ತರ ಸಿದ್ಧ: "ದಿಟ್ಟಿಸಿ ನೋಡೋರ ಎದುರು ಯಾರಿಗೆ ನಿದ್ದೆ ಬರುತ್ತೆ ಹೇಳು?"

ಇದನ್ನೆಲ್ಲ ಅವರು ನನಗೆ ತೋರಿಸಿದ್ದಲ್ಲ. ತೋರಿಸಿದ್ದು ನನ್ನ ಗಂಡನಿಗೆ. ನಾನು ಕಂಡದ್ದು ಕದ್ದು.

ಮ್ಯಾನ್‌ಹಟನ್‌ಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಟೌನ್‌ಹೌಸ್ ಸಾಲಿನ ಕೊನೆಯ ಮನೆ ಅವರ ಮಗನದು. ಆಂಟಿ ಮೈಸೂರಿನ ಹುಡುಗಿಯರ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮೇಷ್ಟರಿಕೆ ಬಿಟ್ಟರೂ ಅದು ಅವರನ್ನು ಬಿಟ್ಟಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಗಿಡ ಮುಟ್ಟಿ ನೋಡಿ, "ನೀರು ಜಾಸ್ತಿ ಹಾಕ್ತೀಯ, ಕೊಳೀತಾ ಇದೆ" ಎಂದು ಬೈದು, ಆಮೇಲೆ ಕೂರುತ್ತಿದ್ದರು. ನಮ್ಮ ಕರಿಬೇವಿನ ಗಿಡಕ್ಕೂ ಹಾಗೆಯೇ ಅಂದಿದ್ದರು. ಧಾರವಾಡದಿಂದ ತಂದು ಮಗುವಿನಂತೆ ಸಾಕಿದ ಗಿಡ. ನನಗೆ ಆಗಲೇ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಬ್ಯಾಂಕುಗಳು ಒಂದರ ಹಿಂದೆ ಒಂದು ಮುಗ್ಗರಿಸಿದ ಆ ವರ್ಷ ನನ್ನ ಗಂಡ ಬಸವರಾಜರ ಮ್ಯಾನ್‌ಹಟನ್ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಕೈಗೆ ಬಂದಿತ್ತು, ನನಗೊಂದು ಡೆಂಟಿಸ್ಟ್ ಆಫೀಸಿನ ಫ್ರಂಟ್ ಡೆಸ್ಕ್ ಕೆಲಸವಿತ್ತು, ಉಪವಾಸವೇನೂ ಬೀಳಲಿಲ್ಲ. ಆದರೆ ಕೆಲಸದ ಜೊತೆ ಅವರ ಮಾತೂ ಹೋಯಿತು. ದಿನಾ ಸಂಜೆ ಕೋಟು ತೆಗೆಯುವ ಮೊದಲೇ ನಾನು ಕೇಳುತ್ತಿದ್ದೆ: "ಯಾವ್ದರೆ ಕಾಲ್ ಬಂತೇನ್ರಿ?"

"ಇಲ್ಲ."

"ಆ ಹ್ಯಾರಿಸನ್ ಕಂಪನಿಯವರಿಗೆ ಫಾಲೋಅಪ್ ಮಾಡಿದ್ರ್ಯಾ?"

"ಹೂಂ."

ಅಷ್ಟೇ. ಉಳಿದ ಸಂಜೆಯೆಲ್ಲ ಟಿವಿ ಮಾತಾಡುತ್ತಿತ್ತು.

ಹೀಗಿರುವಾಗ ಒಂದು ಚಳಿಗಾಲದ ಸಂಜೆ ಕಾರು ನಿಲ್ಲಿಸಿ ಇಳಿದರೆ ರಸ್ತೆಯಾಚೆಯಿಂದ ನಗು ಕೇಳಿತು. ಹೊಟ್ಟೆಯಿಂದ ಬಂದ ದೊಡ್ಡ ನಗು. ನೋಡಿದರೆ ನಮ್ಮ ಮನೆಯವರು, ಪಕ್ಕದಲ್ಲಿ ಜುಬೇದಾ ಆಂಟಿ, ಕಾಡಿನ ಕಡೆಯಿಂದ ನಡೆದು ಬರುತ್ತಿದ್ದಾರೆ. ನನ್ನನ್ನು ಕಂಡ ಕೂಡಲೇ ಆ ನಗು ಆರಿತು. ನನ್ನ ಹೊಟ್ಟೆಯಲ್ಲಿ ಅವತ್ತು ಹೊತ್ತಿಕೊಂಡದ್ದು ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಚೆಂದದ ಹೆಸರು ಕೊಡುವುದಿಲ್ಲ. ಅರವತ್ತೈದರ ಅಜ್ಜಿ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ಚಿಕ್ಕ ವಯಸ್ಸಿನವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ದಿನ ಆಫೀಸಿನಿಂದ ಬೇಗ ಹೊರಟು ಇಬ್ಬರ ಹಿಂದೆಯೇ ಹೋದೆ. ಪೊದೆಯ ಮರೆಯಲ್ಲಿ ನಿಂತು ಬೆರಳು ಮಡಚುವ ಆ ಆಟವನ್ನೆಲ್ಲ ನೋಡಿದೆ. ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಜಾಗ ಬದಲಿಸಿ, ಒಂದನ್ನೊಂದು ತಳ್ಳಾಡಿ, ಕೊನೆಗೆ ಕತ್ತು ಒಳಗೆಳೆದುಕೊಂಡು ಕಪ್ಪು ಗಂಟುಗಳಾದವು. ಆಂಟಿ ಮೆಲ್ಲಗೆ ಹೇಳುತ್ತಿದ್ದರು: "ಗಾಳಿ ತಡೆಯೋ ಮರ, ಕೆಳಗೆ ತೊರೆ. ಇಂಥ ಜಾಗ ಸಿಕ್ಕಿದ್ರೆ ಸುಮ್ಮಸುಮ್ಮನೆ ಬಿಡಲ್ಲ." ಆಮೇಲೆ ನನ್ನ ಗಂಡ ಮಾತಾಡತೊಡಗಿದರು. ಕೆಲಸ ಹೋದ ದಿನ ಬ್ಯಾಡ್ಜ್ ಕಸಿದುಕೊಂಡದ್ದು, ಲಿಫ್ಟಿನಲ್ಲಿ ಗಾರ್ಡ್ ಪಕ್ಕ ನಿಂತದ್ದು, ಮನೆಗೆ ಬರಲು ಮನಸ್ಸಾಗದೆ ಎರಡು ಬಸ್ಸು ಬಿಟ್ಟದ್ದು. ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ಆಂಟಿ ಸಮಾಧಾನ ಹೇಳಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ, ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು. ನಾನು ಅಳುತ್ತ ಮನೆಗೆ ಬಂದು, ಆ ರಾತ್ರಿ ಚಪಾತಿ ಸುಟ್ಟದ್ದಕ್ಕೂ ಗಂಡನ ಮೇಲೆಯೇ ಹರಿಹಾಯ್ದೆ.

ಏಪ್ರಿಲ್‌ನಲ್ಲಿ ಗ್ಯಾರಿ ಎಂಬ ಪೇಷಂಟು ಹಲ್ಲು ತೋರಿಸಲು ಬಂದ. ಒಳ್ಳೆಯ ಮನುಷ್ಯ, ಬೇಟೆಯ ಹುಚ್ಚು. ಟರ್ಕಿ ಸೀಸನ್ ಶುರುವಾಗುತ್ತಿದೆ, ಎಲ್ಲಿ ಮಲಗುತ್ತವೋ ತಿಳಿಯುತ್ತಿಲ್ಲ ಎಂದು ಗೊಣಗಿದ. ನಾನು ಅವನ ಅಪಾಯಿಂಟ್‌ಮೆಂಟ್ ಕಾರ್ಡಿನ ಹಿಂದೆ ನಮ್ಮ ಮನೆ, ರಸ್ತೆ, ತೊರೆ, ಪೈನ್ ಸಾಲು ಎಲ್ಲ ಬರೆದುಕೊಟ್ಟೆ. ಬೇಟೆಗೆ ಪರ್ಮಿಟ್ ಇದ್ದ ಜಾಗವೇ, ತಪ್ಪೇನಿಲ್ಲ ಎಂದುಕೊಂಡೆ. ಹಕ್ಕಿ ಹೋದರೆ ಗಂಡ ಮನೆಗೆ ಬಂದಾನು ಎಂಬ ಲೆಕ್ಕ ನನ್ನದು. ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಕೋತಿಯ ಗಾದೆ ಇರುವುದು ನನ್ನಂಥವರಿಗಾಗಿಯೇ.

ಆ ವಾರ ಬೆಳಗಿನ ಹೊತ್ತು ದೂರದಲ್ಲಿ ಗುಂಡಿನ ಸದ್ದು ಕೇಳಿತು. ಒಂದು ದಿನವಲ್ಲ, ನಾಲ್ಕೈದು ದಿನ. ಗ್ಯಾರಿ ಗೆಳೆಯರಿಗೂ ಹೇಳಿದ್ದನೇನೋ. ಪೈನ್ ಸಾಲು ಬರಿದಾಯಿತು. ಆದರೆ ಗಂಡ ಮನೆಗೆ ಬರಲಿಲ್ಲ! ಇಬ್ಬರೂ ಈಗ ಹೊಸ ಮರ ಹುಡುಕುತ್ತ ಇನ್ನೂ ದೂರ, ಇನ್ನೂ ಹೆಚ್ಚು ಹೊತ್ತು ಅಲೆಯತೊಡಗಿದರು. ಮರದ ಬುಡದಲ್ಲಿ ಹಿಕ್ಕೆ ನೋಡಿ ಪತ್ತೆ ಮಾಡುತ್ತಾರಂತೆ. ತಿಂಗಳುಗಟ್ಟಲೆ ಬಾಯಿ ಬಿಡದ ಮನುಷ್ಯ ಒಂದು ದಿನ ಊಟಕ್ಕೆ ಕೂತು ತಾನಾಗಿಯೇ ಹೇಳಿದರು: "ಗಂಡಿಂದು ಉದ್ದಕ್ಕಿರ್ತದ, ತುದಿ ಬಾಗಿರ್ತದ. ಹೆಣ್ಣಿಂದು ಸುರುಳಿ." ನನಗೆ ಸಿಕ್ಕ ಪಾಲು ಅದು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆಂಟಿ ನಮ್ಮ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ ಹೇಳಿದರು: "ಮರದ ಮೇಲಿರೋದನ್ನ ಹೊಡೆಯೋ ಹಾಗಿಲ್ಲ, ಕಾನೂನಿದೆ. ಆದ್ರೆ ಇಳಿಯೋ ಜಾಗದಲ್ಲಿ ಮೊದಲೇ ಬಂದು ಕೂತಿರ್ತಾರೆ. ಹೆಣ್ಣಿನ ದನಿ ತೆಗೆದು ಕರೀತಾರೆ. ಒಂದೆರಡು ಸಲ ಹಾಗಾದ್ಮೇಲೆ ಗಂಡು ಜಾಣ ಆಗುತ್ತೆ ಕಣಮ್ಮ. ಮರ ಬದಲಾಯಿಸುತ್ತೆ, ಕೂಗೋದು ಕಮ್ಮಿ ಮಾಡುತ್ತೆ, ನೆಲಕ್ಕಿಳಿದ್ರೆ ಗಪ್‌ಚಿಪ್. ಆಮೇಲೆ ನಿಜವಾದ ಹೆಣ್ಣೇ ಕರೆದ್ರೂ ಬಾಯಿ ಬಿಡಲ್ಲ. ಕರೀತಿರೋದು ಹೆಣ್ಣೋ ಕೋವಿಯೋ, ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. "ನೀನು ಮನೆಗೆ ಬಂದ ಕೂಡ್ಲೇ ಬಸವರಾಜುನ ಮೊದಲು ಏನು ಕೇಳ್ತೀಯ, ಶೈಲಾ?"

"ಕಾಲ್ ಬಂತೇನ್ರಿ ಅಂತ."

"ನಾನು ಏನೂ ಕೇಳಲ್ಲ" ಎಂದರು.

ನನ್ನ ಮನೆಯಲ್ಲಿ ಕೂತು, ನನ್ನ ಚಹಾ ಕುಡಿದು, ನನ್ನ ಗಂಡನನ್ನು ಹೇಗೆ ಮಾತಾಡಿಸಬೇಕೆಂದು ನನಗೇ ಪಾಠ! ಸಿಂಕಿನಲ್ಲಿ ಪಾತ್ರೆ ಕುಕ್ಕಿ ತೊಳೆದೆ. ಆದರೂ ಮರುದಿನದಿಂದ ಕೇಳುವುದನ್ನು ಬಿಟ್ಟೆ. ಹಟಕ್ಕೆ ಬಿಟ್ಟೆನೋ, ಬುದ್ಧಿ ಬಂದು ಬಿಟ್ಟೆನೋ ಹೇಳಲಾರೆ.

ಆ ಬೇಸಿಗೆಯ ಕೊನೆಗೆ ಆಂಟಿಯ ಮಗನಿಗೆ ಟೆಕ್ಸಾಸ್‌ನಲ್ಲಿ ಕೆಲಸವಾಯಿತು. ಹೊರಡುವ ಮುನ್ನಾದಿನ ಅವರ ಮನೆಗೆ ಹೋದೆ. ಡಬ್ಬಗಳ ನಡುವೆ ಕೂತು ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದರು. ನಾನೂ ಕೂತು ಸುತ್ತತೊಡಗಿದೆ. ತಡೆಯಲಾಗಲಿಲ್ಲ. "ಆಂಟಿ, ಆ ಮರ ತೋರಿಸಿದ್ದು ನಾನೇ" ಎಂದೆ.

"ಗೊತ್ತು" ಎಂದರು, ತಲೆಯೆತ್ತದೆ. "ಬಸವರಾಜುಗೂ ಗೊತ್ತು."

"ಹೇಗೆ?" ಎಂದೆ.

"ಆ ಗ್ಯಾರಿ ಥ್ಯಾಂಕ್ಸ್ ಹೇಳೋಕೆ ನಿಮ್ಮನೆಗೆ ಬಂದಿದ್ನಂತೆ, ನೀನು ಆಫೀಸಲ್ಲಿದ್ದಾಗ. ಟರ್ಕಿ ಎದೆ ಮಾಂಸ ತಂದಿದ್ದ, ನೀಟಾಗಿ ಪ್ಯಾಕ್ ಮಾಡಿ. 'ನಿಮ್ಮ ಹೆಂಡ್ತಿಗೆ ಕೊಡಿ' ಅಂದ್ನಂತೆ. ನೀವು ಲಿಂಗಾಯತರು, ಮುಟ್ಟಲ್ಲ. ಬಸವರಾಜು ನನ್ನ ಹತ್ರ ತಂದ. ನಮಗೆ ಅದು ಹಲಾಲ್ ಅಲ್ಲ. ಕಸಕ್ಕೆ ಹಾಕೋಕೆ ಇಬ್ಬರಿಗೂ ಮನಸ್ಸು ಬರ್ಲಿಲ್ಲ. ತಗೊಂಡ್ಹೋಗಿ ಕಾಡಲ್ಲೇ ಹೂತ್ವಿ. 'ಅವಳಿಗೆ ಏನೂ ಕೇಳ್ಬೇಡ' ಅಂತ ನಾನೇ ಅಂದೆ."

ಆ ಸಂಜೆ ನನಗೆ ನೆನಪಿತ್ತು. ನಮ್ಮ ಮನೆಯವರು ಕೈಗೆಲ್ಲ ಮಣ್ಣು ಮಾಡಿಕೊಂಡು ಬಂದಿದ್ದರು, ಕಾರ್ಪೆಟ್ ಹಾಳಾಯಿತೆಂದು ನಾನು ಕೂಗಾಡಿದ್ದೆ, ಅವರು ಸುಮ್ಮನೆ ಒರೆಸಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಎದ್ದದ್ದು ಹೊಟ್ಟೆಕಿಚ್ಚೇ. ನನ್ನ ತಪ್ಪನ್ನು ಮುಚ್ಚಿಡುವಾಗಲೂ ಇವರಿಬ್ಬರೇ ಜೊತೆಯಾಗಿದ್ದರಲ್ಲ!

ಮುಂದೆ ಸೀಕಾಕಸ್‌ನ ಗೋದಾಮೊಂದರ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿತು. ಮಾತೂ ಸ್ವಲ್ಪ ಸ್ವಲ್ಪ ಮರಳಿತು. ಮಾಂಸದ ಸಂಗತಿಯನ್ನು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಒಂದು ಭಾನುವಾರ ಟೆಕ್ಸಾಸ್‌ನಿಂದ ಫೋನ್ ಬಂತು, ಆಂಟಿ ತೀರಿಕೊಂಡಿದ್ದರು. ನನ್ನ ಗಂಡ ಮಕ್ಕಳ ಹಾಗೆ ಅತ್ತರು. ನನ್ನ ತಾಯಿ ಸತ್ತಾಗ ಇವರಿಗೆ ಇಷ್ಟು ಅಳು ಬಂದಿರಲಿಲ್ಲ ಎಂಬ ಯೋಚನೆ ಆಗಲೂ ನನಗೆ ಬಂತು, ಸುಳ್ಳೇಕೆ ಹೇಳಲಿ. ಸಂಜೆ ಕೋಟು ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳದೆ ನಾನೂ ಬೂಟು ಹಾಕಿ ಜೊತೆಗೆ ನಡೆದೆ. ತೊರೆ ದಾಟಿ ಒಂದು ಓಕ್ ಮರದ ಹತ್ತಿರ ನಿಂತರು. ನಾನೂ ನಿಂತೆ. ಬೂಟಿನ ತುದಿಯಿಂದ ಒಣಗಿದ ಎಲೆಗಳನ್ನು ಮೆಲ್ಲಗೆ ಸರಿಸಿದರು.

"ಇಲ್ಲೇ ಹುಗಿದಿದ್ವಿ" ಎಂದರು.