ಹೈಪೋ ಹಾಕದ ಸೀಸೆಗಳು

ನೀರಿನ ಬಣ್ಣ ಎಷ್ಟು ಬೇಗ ಹೋಗುತ್ತದೆ ಎಂದು ಅಳೆಯುವುದೇ ನನ್ನ ಎಂ.ಫಿಲ್. ಕೆಲಸ. ಎಂಬತ್ತರ ದಶಕದ ಮೊದಲ ವರ್ಷಗಳವು. ಉದ್ದನೆಯ ಗಾಜಿನ ಕೊಳವೆಯಲ್ಲಿ ರೇಷ್ಮೆಗೆ ಹಾಕುವ ಕೆಂಪು ಬಣ್ಣದ ನೀರು, ತಳದಿಂದ ಗುಳ್ಳೆಗುಳ್ಳೆಯಾಗಿ ಬಣ್ಣ ಒಡೆಯುವ ಓಝೋನ್ ಅನಿಲ. ಬಣ್ಣ ಹೆಚ್ಚಿದ್ದಾಗ ಬೇಗ ಒಡೆಯುತ್ತದೆ, ಕಡಿಮೆಯಾದಂತೆ ನಿಧಾನ. ನಿಮಿಷಕ್ಕೊಂದು ಸೀಸೆ ನೀರು ತೆಗೆದು, ಉಳಿದ ಕೆಂಪನ್ನು ಅಳೆದು, ಲಾಗ್ ತೆಗೆದು ಗ್ರಾಫಿನಲ್ಲಿ ಗುರುತು ಹಾಕಿದರೆ ಗೆರೆ ನೇರ ಬರಬೇಕು. ಅಳೆಯುವ ಯಂತ್ರ ಮಾತ್ರ ಮಹಡಿಯ ಮೇಲಿನ ಇನ್ನೊಂದು ವಿಭಾಗದಲ್ಲಿತ್ತು. ಸೀಸೆಗಳ ಟ್ರೇ ಹಿಡಿದು ಮೆಟ್ಟಿಲು ಹತ್ತಿ, ಬೀಗದಕೈ ಇಟ್ಟುಕೊಂಡ ಅಟೆಂಡರ್ ಕಾಫಿ ಮುಗಿಸಿ ಬರುವವರೆಗೆ ನಿಂತಿರುತ್ತಿದ್ದೆ. ಹೆಣ್ಣುಮಕ್ಕಳಿಗೆ ತಾಳ್ಮೆ ಜಾಸ್ತಿ ಎಂದು ನನ್ನ ಗೈಡ್ ಎಲ್ಲರೆದುರು ಹೊಗಳುತ್ತಿದ್ದರು. ಆ ತಾಳ್ಮೆಗೆ ಬೆಂಕಿ ಬೀಳಲಿ.

ಗೆರೆ ನೇರವಾಗಿಯೇ ಬಂತು. ಆರು ನಿಮಿಷದಲ್ಲಿ ಬಣ್ಣ ಮಾಯ.

ಆ ಹೊತ್ತಿಗೆ, ಸುದ್ದಗುಂಟೆಪಾಳ್ಯದ ಕಡೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ ಇಟ್ಟುಕೊಂಡಿದ್ದವರೊಬ್ಬರು ಕಾಲೇಜಿಗೆ ಬಂದರು. ಮೋರಿಯಲ್ಲಿ ಕೆಂಪು ನೀರು ಹರಿಯುತ್ತದೆಂದು ಅಕ್ಕಪಕ್ಕದವರು ದೂರು ಕೊಟ್ಟಿದ್ದರು. ನೀರು ತಿಳಿಯಾಗದಿದ್ದರೆ ಶೆಡ್ ಮುಚ್ಚಬೇಕೆಂದು ನೋಟಿಸು ಬಂದಿತ್ತು. "ಎಷ್ಟೊತ್ತು ಗ್ಯಾಸ್ ಬಿಡ್ಬೇಕು ಮೇಡಂ?" ಎಂದು ಅವರು ಕೇಳಿದ್ದು ಗೈಡನ್ನಲ್ಲ, ನನ್ನನ್ನು. ಅದುವರೆಗೆ ಯಾರೂ ನನ್ನನ್ನು ಮೇಡಂ ಎಂದಿರಲಿಲ್ಲ. ಉಬ್ಬಿಹೋದೆ. "ಆರು ನಿಮಿಷ ಸಾಕು" ಎಂದೆ. ಅವರು ಓಝೋನ್ ಮಿಷನ್ ತರಿಸಿ, ಆ ಆರು ನಿಮಿಷಕ್ಕೆ ತಕ್ಕ ತೊಟ್ಟಿ ಕಟ್ಟಿಸಲು ಶುರುಮಾಡಿದರು.

ತೊಟ್ಟಿ ಮುಗಿಯುವ ಮುಂಚೆಯೇ ನನಗೆ ತಪ್ಪು ಗೊತ್ತಾಯಿತು. ಒಂದು ಮಧ್ಯಾಹ್ನ ಅಟೆಂಡರ್ ಎಷ್ಟು ಹೊತ್ತಾದರೂ ಬರಲಿಲ್ಲ. ಟ್ರೇ ಹಿಡಿದು ನಿಂತವಳ ಕಣ್ಣೆದುರೇ ಸೀಸೆಯ ಕೆಂಪು ಇನ್ನಷ್ಟು ತೆಳುವಾಯಿತು. ನೀರಿನಲ್ಲಿ ಉಳಿದ ಓಝೋನ್ ಸೀಸೆಯೊಳಗೂ ಕೆಲಸ ಮಾಡುತ್ತಲೇ ಇತ್ತು. ನೀರು ತೆಗೆದ ಕೂಡಲೇ ಒಂದು ಹನಿ ಹೈಪೋ, ಫೋಟೊ ಸ್ಟುಡಿಯೋದವರು ಬಳಸುವ ಅದೇ ಹೈಪೋ, ಹಾಕಿ ಅದನ್ನು ನಿಲ್ಲಿಸಬೇಕಿತ್ತು. ಹಾಕಿ ಮತ್ತೆ ಅಳೆದೆ. ಆರಲ್ಲ, ಇಪ್ಪತ್ತು ನಿಮಿಷ. ಅಷ್ಟು ತಿಂಗಳು ನಾನು ಅಳೆದದ್ದರಲ್ಲಿ ಅಟೆಂಡರನ ಕಾಫಿಯೂ ಸೇರಿತ್ತು.

"ಗ್ರಾಫ್ ಸ್ಟ್ರೈಟಾಗಿ ಬಂದಿದ್ಯಲ್ಲಮ್ಮ, ಸುಮ್ನಿರು. ಥೀಸಿಸ್ ಟೈಪಿಂಗ್‌ಗೆ ಹೋಗಿದೆ" ಎಂದರು ಗೈಡ್.

ಸುಮ್ಮನಿದ್ದೆ. ಆಮೇಲೆ ಗೈಡನ್ನು ಬೈದುಕೊಂಡು ಎಷ್ಟೋ ಕಾಲ ಹಾಯಾಗಿದ್ದೆ. ಆದರೆ ಜಯನಗರದ ನಮ್ಮ ಮನೆಯಿಂದ ಆ ಶೆಡ್ಡಿಗೆ ನಡೆದೇ ಹೋಗಬಹುದಿತ್ತು. ಹೋಗಿ ಒಂದು ಮಾತು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಡಿಗ್ರಿ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೆದರಿಕೆ, ಅಷ್ಟೇ. ಆರು ನಿಮಿಷದ ತೊಟ್ಟಿಯಿಂದ ನೀರು ಕೆಂಪಾಗಿಯೇ ಹರಿಯಿತು. ನನಗೆ ಡಿಗ್ರಿ ಬಂತು. ಅವರ ಶೆಡ್ ಮುಚ್ಚಿತು.

ಕೆಲವು ವರ್ಷಗಳ ಮೇಲೆ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವರು ಆ ಶೆಡ್ಡಿನವರೇ. ನಾನಾಗ ಲೆಕ್ಚರರ್, ಜೊತೆಗೆ ಸಹೋದ್ಯೋಗಿಗಳಿದ್ದರು. ಅವರೇ ನನ್ನ ಗುರುತು ಹಿಡಿದರು.

"ನೀವು ಕರೆಕ್ಟಾಗೇ ಹೇಳಿದ್ರಿ ಮೇಡಂ. ನಾವು ಓದ್ದೋರಲ್ಲ, ಮಿಷನ್ ನಡ್ಸೋಕೆ ಬರ್ಲಿಲ್ಲ. ಮನೆಯೋಳು ಇವತ್ತೂ ಅದ್ನೇ ಅಂತಾಳೆ, ಕೈಯಾರೆ ಶೆಡ್ ಹಾಳ್ಮಾಡ್ಕೊಂಡ್ರಿ ಅಂತ."

ಆಗಲಾದರೂ ಹೇಳಬಹುದಿತ್ತು. "ಹೋಗ್ಲಿ ಬಿಡಿ, ಹೊಸದ್ರಲ್ಲಿ ಎಲ್ರಿಗೂ ತಪ್ಪಾಗುತ್ತೆ" ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ.

ಅವರು ನನಗೆ ಕೈಮುಗಿದರು.